ಎಕರೆಗೆ ಎರಡೂವರೆ ಕಿಲೋ ಯೂರಿಯಾ

ಮೂವತ್ತೊಂದು ವರ್ಷ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ರೈತರಿಗೆ ಗೊಬ್ಬರದ ಲೆಕ್ಕ ಹೇಳಿದವನು ನಾನು. ಭತ್ತದ ಪೈರು ಹಳದಿಗೆ ತಿರುಗಿದೆ ಎಂದು ಯಾರಾದರೂ ಬಂದರೆ ಮೇಲುಗೊಬ್ಬರವಾಗಿ ಯೂರಿಯಾ ಕೊಡಿ ಎನ್ನುತ್ತಿದ್ದೆ. ಕೆಲವೇ ದಿನಗಳಲ್ಲಿ ಗದ್ದೆ ಕಡುಹಸಿರಾಗುತ್ತಿತ್ತು. ಯೂರಿಯಾದಲ್ಲಿರುವ ಸಾರಜನಕ ಎಂದರೆ ನನ್ನ ಕಣ್ಣಿಗೆ ಆ ಹಸಿರೇ.

ಈ ಜುಲೈನಲ್ಲಿ ಅಮೆರಿಕದ ಕೊಲರಾಡೊದಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಕಳೆದ ಭಾನುವಾರ ಅಳಿಯಂದಿರು ನಮ್ಮನ್ನು ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಟ್ರೇಲ್ ರಿಡ್ಜ್ ರಸ್ತೆಗೆ ಕರೆದುಕೊಂಡು ಹೋದರು. ಆ ರಸ್ತೆಯ ಅತಿ ಎತ್ತರದ ಜಾಗ 3,713 ಮೀಟರ್‌ನಲ್ಲಿದೆ. ಮರಗಳು ಕೆಳಗೇ ಉಳಿದುಬಿಡುತ್ತವೆ. ನೆಲಕ್ಕೆ ಅಂಟಿಕೊಂಡ ದಿಂಬಿನಂಥ ಗಿಡದ ತುಂಬ ಗುಲಾಬಿ ಬಣ್ಣದ ಚುಕ್ಕಿಗಳು: ಅದು ಮಾಸ್ ಕ್ಯಾಂಪಿಯನ್. ಪಕ್ಕದಲ್ಲಿ ಆಲ್ಪೈನ್ ಏವನ್ಸ್ ಎಂಬ ಹಳದಿ ಹೂವು. ದಾರಿಯಂಚಿನಲ್ಲಿ ಮಂಡಿಯೂರಿ ಕುಳಿತು ನೋಡಿದೆ.

"ಅಪ್ಪ, ಈ ಹೂಗಳಿಗೆ ಗೊಬ್ಬರ ಹೆಚ್ಚಾಗಿದೆ" ಎಂದಳು ಮಗಳು. ಇಲ್ಲಿ ಗೊಬ್ಬರ ಹಾಕುವವರು ಯಾರು? ಕೆಳಗಿನ ಬಯಲಿನ ವಾಹನಗಳ ಹೊಗೆ, ಹೊಲಗಳ ಗೊಬ್ಬರ ಮತ್ತು ದನಗಳ ದೊಡ್ಡಿಗಳಿಂದ ಏಳುವ, ಸಾರಜನಕವಿರುವ ಅಮೋನಿಯ ಅನಿಲ ಗಾಳಿಯೇರಿ ಬಂದು, ಮಳೆ ಹಿಮದೊಂದಿಗೆ ಇಲ್ಲಿ ಇಳಿಯುತ್ತವೆ. ವರ್ಷಕ್ಕೆ ಹೆಕ್ಟೇರಿಗೆ ಸುಮಾರು 3 ಕಿಲೋ ಸಾರಜನಕ. ಕಾರಿನಲ್ಲೇ ಲೆಕ್ಕ ಹಾಕಿದೆ: ಎಕರೆಗೆ ಎರಡೂವರೆ ಕಿಲೋ ಯೂರಿಯಾಕ್ಕಿಂತ ತುಸು ಹೆಚ್ಚು. ನಮ್ಮ ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಶಿಫಾರಸು ಮಾಡಿದವನಿಗೆ ಇದು ಚಿಟಿಕೆ ಉಪ್ಪು. ಆದರೆ ಚಳಿಯ ನೆಲದಲ್ಲಿ, ಎರಡು ಮೂರು ತಿಂಗಳ ಬೇಸಿಗೆಯಲ್ಲಿ, ಕೊರತೆಯಲ್ಲೇ ಬದುಕಲು ಕಲಿತ ಗಿಡಗಳಿಗೆ ಅದು ಚಿಟಿಕೆಯಲ್ಲ.

ಇದೇ ಕೊಲರಾಡೊದ ಬೋಲ್ಡರ್ ಪಟ್ಟಣದ ಪಶ್ಚಿಮಕ್ಕಿರುವ ನೈವಾಟ್ ರಿಡ್ಜ್ ಎಂಬ ಎತ್ತರದ ಬೆಟ್ಟಸಾಲಿನಲ್ಲಿ ವಿಜ್ಞಾನಿಗಳು ದಶಕಗಳಿಂದ ತಾಕುಗಳಿಗೆ ಸಾರಜನಕ ಹಾಕಿ ನೋಡುತ್ತಿದ್ದಾರೆ. ಒಟ್ಟು ಬೆಳವಣಿಗೆ ಹೆಚ್ಚುತ್ತದೆ, ಅದು ನಿಜ. ತೂಕ ಮಾತ್ರ ನೋಡಿದ್ದರೆ ನಾನೂ ಒಳ್ಳೆಯ ಫಸಲು ಎನ್ನುತ್ತಿದ್ದೆ. ಆದರೆ ತೇವವಿರುವ ಹುಲ್ಲುಗಾವಲಿನಲ್ಲಿ ಡೆಸ್ಚಾಂಪ್ಸಿಯಾ ಎಂಬ ಹುಲ್ಲು ತೆಂಡೆಯೊಡೆದು ಮೇಲೇಳುತ್ತದೆ, ನಾನು ಮಂಡಿಯೂರಿ ನೋಡಿದ ಹಳದಿ ಏವನ್ಸ್ ಕ್ಷೀಣಿಸುತ್ತದೆ. ಹುಲ್ಲುಗಾವಲಿನ ಗಿಡಗಳಿಗೆ ಗೊಬ್ಬರ ಕೊಟ್ಟಾಗ ಕುಳ್ಳ ಗಿಡಗಳನ್ನು ಕೊಲ್ಲುವುದು ಬಹುಪಾಲು ನೆರಳೇ ಎಂದು ಜ್ಯೂರಿಕ್‌ನ ಸಂಶೋಧಕರು 2009ರಲ್ಲಿ ತೋರಿಸಿದರು. ಹುಲ್ಲಿನ ಬುಡದಲ್ಲಿ ದೀಪ ಹಚ್ಚಿಟ್ಟಾಗ ಆ ಗಿಡಗಳು ಉಳಿದವು. ಈ ಪ್ರಯೋಗ ನನ್ನನ್ನು ಎರಡು ರಾತ್ರಿ ಕಾಡಿದೆ.

ಇನ್ನೊಂದು ಸಂಗತಿ ನೋವು ತಂದಿತು. ನೈವಾಟ್‌ನಲ್ಲಿ ಸಾರಜನಕ ಹಾಕುವುದನ್ನು ನಿಲ್ಲಿಸಿ ವರ್ಷಗಳು ಕಳೆದರೂ ಆ ತಾಕುಗಳು ಮೊದಲಿನಂತಾಗಲಿಲ್ಲ. ಭತ್ತಕ್ಕೆ ಯೂರಿಯಾ ಹೆಚ್ಚಾದರೆ ಪೈರು ಮಲಗುತ್ತದೆ, ಬೆಂಕಿರೋಗ ಬರುತ್ತದೆ, ಮುಂದಿನ ಬೆಳೆಗೆ ತಿದ್ದಿಕೊಳ್ಳುತ್ತೇವೆ. ಬೆಟ್ಟಕ್ಕೆ ಮುಂದಿನ ಬೆಳೆ ಎಂಬುದಿಲ್ಲ.

ಉದ್ಯಾನಕ್ಕೆ ಬೀಳುವ ಸಾರಜನಕವನ್ನು 2032ರೊಳಗೆ ವರ್ಷಕ್ಕೆ ಹೆಕ್ಟೇರಿಗೆ 1.5 ಕಿಲೋಗೆ ಇಳಿಸುವ ಗುರಿಯಿದೆ. ಅದಕ್ಕಾಗಿ ಇಲ್ಲಿ ಮಾಡುತ್ತಿರುವ ಒಂದು ಕೆಲಸ ನನಗೆ ತೀರಾ ಹತ್ತಿರದ್ದು. ಗಾಳಿ ಬಯಲಿನಿಂದ ಬೆಟ್ಟದ ಕಡೆಗೆ ಬೀಸುವ ಸೂಚನೆ ಸಿಕ್ಕಾಗ ರೈತರಿಗೆ ಮೊದಲೇ ಸಂದೇಶ ಹೋಗುತ್ತದೆ. ಒಪ್ಪಿದವರು ಗೊಬ್ಬರ ಹರಡುವುದನ್ನು ಮುಂದೂಡುತ್ತಾರೆ. ಮೋಡ ಕಟ್ಟಿದ ದಿನ ನಾನೂ ಸೈಕಲ್ ನಿಲ್ಲಿಸಿ ಬದುವಿನಿಂದಲೇ ಕೂಗಿ ಹೇಳುತ್ತಿದ್ದೆ: "ಇವತ್ತು ಬೇಡ ಗೌಡರೇ, ಎರಡು ದಿನ ತಡೆಯಿರಿ."