ಎದುರಿಗೆ ಬಂದಾಗ ಎಡ ಯಾವುದು, ಬಲ ಯಾವುದು

ರಿಮೋಟ್ ವಿಮಾನ ಹಾರಿಸಲು ಕಲಿಯಬೇಕು ಅಂತ ಬಂದವರಿಗೆಲ್ಲ ನಾನು ಮೊದಲ ದಿನ ಹೇಳುವುದು ಒಂದೇ ಮಾತು: "ಸುಮ್ನಿರಿ, ಏನೂ ಮಾಡ್ಬೇಡಿ." ವಿಚಿತ್ರ ಅಲ್ವಾ? ಆದರೆ ಹೊಸಬರ ವಿಮಾನ ಬೀಳುವುದು ಜಾಸ್ತಿ ಕೈಯಾಡಿಸಿದ್ದಕ್ಕೆ. ರೆಕ್ಕೆ ಒಂಚೂರು ವಾಲಿದರೆ ಸಾಕು, ರಿಮೋಟಿನ ಸ್ಟಿಕ್ಕನ್ನು ಪೂರ್ತಿ ಆ ತುದಿಗೆ ತಳ್ಳುತ್ತಾರೆ, ವಿಮಾನ ಇನ್ನೊಂದು ಕಡೆ ಮಗುಚುತ್ತದೆ, ಗಾಬರಿಯಲ್ಲಿ ಈ ತುದಿಗೆ ಎಳೆಯುತ್ತಾರೆ, ಮೂರನೇ ಸಲಕ್ಕೆ ಮಣ್ಣು. ವಿಡಿಯೊ ಗೇಮ್ ಆಡಿ ಬೆಳೆದವರು ಇದರಲ್ಲಿ ಒಂದು ಕೈ ಮುಂದು.

ಕಲಿಯುವವರಿಗೆಂದೇ ಇರುವ ಟ್ರೇನರ್ ವಿಮಾನದಲ್ಲಿ ರೆಕ್ಕೆ ಮೈಯ ಮೇಲ್ಗಡೆ ಕೂತಿರುತ್ತದೆ, ತುದಿಗಳು ತುಸು ಮೇಲೆದ್ದಿರುತ್ತವೆ. ಎತ್ತರದಲ್ಲಿದ್ದಾಗ ಸ್ಟಿಕ್ ಬಿಟ್ಟರೆ ಬಹುಮಟ್ಟಿಗೆ ತಾನೇ ನೆಟ್ಟಗಾಗುತ್ತದೆ. ಅದಕ್ಕೇ ಎರಡು ತಪ್ಪು ಮಾಡಿದರೂ ಮೂರನೆಯದಕ್ಕೆ ಜಾಗ ಉಳಿಯುವಷ್ಟು ಮೇಲಕ್ಕೆ ನಾನೇ ಒಯ್ದು ಆಮೇಲೆ ಕೊಡುತ್ತೇನೆ.

ನಾವು ಹಾರಿಸುವುದು ಮಾಗಡಿ ಕಡೆ, ಕುಯ್ಲು ಮುಗಿದ ರಾಗಿ ಹೊಲದಲ್ಲಿ. ಬೆಂಗಳೂರಲ್ಲಿ ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಅಂತ ಎತ್ತ ನೋಡಿದರೂ ನಿಜವಾದ ವಿಮಾನಗಳದ್ದೇ ಜಾಗ. 2021ರ ಡ್ರೋನ್ ನಿಯಮ ಬಂದ ಮೇಲೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣ, ಅಂದರೆ ಹಾರಿಸಬಹುದಾದ ಜಾಗ, ನೋಡಿಕೊಂಡೇ ಹೊರಡುವುದು. ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು, ಒಂಬತ್ತರ ಮೇಲೆ ಗಾಳಿ ಏಳುತ್ತದೆ. ಮೊದಲು ರಿಮೋಟ್ ಆನ್, ಆಮೇಲೆ ವಿಮಾನದ ಬ್ಯಾಟರಿ. ಮುಗಿದ ಮೇಲೆ ಉಲ್ಟಾ. ಪ್ರೊಪೆಲರ್ ಹತ್ತಿರ ಕೈ ಒಯ್ಯಬೇಡಿ ಅಂತ ಭಾಷಣ ಮಾಡುವುದಿಲ್ಲ, ನನ್ನ ಹೆಬ್ಬೆರಳಿನ ಹೊಲಿಗೆ ಗುರುತು ತೋರಿಸುತ್ತೇನೆ.

ನಿಜವಾದ ಕಷ್ಟ ಶುರುವಾಗುವುದು ವಿಮಾನ ನಮ್ಮ ಕಡೆಗೆ ತಿರುಗಿದಾಗ. ಅದರ ಎಡ ನಮ್ಮ ಬಲ. ಯೋಚನೆ ಮಾಡುತ್ತಾ ನಿಂತರೆ ಮುಗೀತು. ಕೆಲವರು ವಿಮಾನಕ್ಕೆ ಬೆನ್ನು ತಿರುಗಿಸಿ, ಹೆಗಲ ಮೇಲಿಂದ ಕತ್ತು ಹೊರಳಿಸಿ ನೋಡಿ ಅಂತ ಹೇಳಿಕೊಡುತ್ತಾರೆ. ನನಗೆ ಅದು ಇಷ್ಟವಿಲ್ಲ, ಕತ್ತು ಉಳುಕುತ್ತದೆ ಅಷ್ಟೆ. ನಾನು ಹೇಳುವುದು ಇಷ್ಟು: ಯಾವ ಕಡೆ ರೆಕ್ಕೆ ತಗ್ಗಿ ಕಾಣುತ್ತದೋ ಆ ಕಡೆಗೇ ಸ್ಟಿಕ್ ಒತ್ತಿ, ಬಾಗಿದ ಬಾಳೆಗೆ ಕವೆಗೋಲು ಕೊಡುವ ಹಾಗೆ.

ಹೋದ ಭಾನುವಾರ ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗನೊಬ್ಬ ಬಂದಿದ್ದ. ಅವನ ರಿಮೋಟ್ ನನ್ನದಕ್ಕೆ ಜೋಡಿಸಿತ್ತು. ನಾನು ಸ್ಪ್ರಿಂಗ್ ಸ್ವಿಚ್ ಎಳೆದು ಹಿಡಿದಿರುವ ತನಕ ವಿಮಾನ ಅವನದು, ಬಿಟ್ಟರೆ ನನ್ನದು. ಎರಡು ಸುತ್ತು ಚೆನ್ನಾಗಿಯೇ ಹೊಡೆದ. ಮೂರನೆಯದರಲ್ಲಿ ಎದುರಿಗೆ ಬರುತ್ತಾ ಬಲಗಡೆ ವಾಲಿತು. ಅವನ ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು, ಅಷ್ಟು ಬಿಗಿಯಾಗಿ ಹಿಡಿದಿದ್ದ. "ಕವೆಗೋಲು" ಅಂದೆ. ವಿಮಾನ ತೂಗಾಡಿ, ಸ್ವಲ್ಪ ಕೆಳಗಿಳಿದು, ನೆಟ್ಟಗಾಗಿ ನಮ್ಮ ತಲೆ ಮೇಲೆ ಹೋಯಿತು.

"ಥ್ಯಾಂಕ್ಸ್ ಸಾರ್, ನೀವು ತಗೊಳ್ದೆ ಇದ್ದಿದ್ರೆ ಹೋಗೇ ಬಿಡ್ತಿತ್ತು."

"ನಾನೆಲ್ಲಿ ತಗೊಂಡೆ? ಸ್ವಿಚ್ ಬಿಟ್ಟೇ ಇಲ್ಲ ನೋಡು."

ನನ್ನ ಬೆರಳು ನೋಡಿದ, ಮತ್ತೆ ವಿಮಾನ ನೋಡಿದ. ಆಮೇಲೆ ಇನ್ನೊಂದು ಬ್ಯಾಟರಿ ಹಾಕೋಣ ಅಂತ ಒಂದೇ ಹಟ. ಅಷ್ಟರಲ್ಲಿ ಬದುವಿನ ಮೇಲಿನ ಹುಲ್ಲು ಅಲ್ಲಾಡಲು ಶುರುವಾಗಿತ್ತು, ಮುಂದಿನ ವಾರ ಬಾ ಅಂದೆ.