ಕೆರೆಗೆ ತಟ್ಟೆ ಇಳಿಸಿದ ಐದು ತಿಂಗಳು

ಮೈಸೂರಿನ ನಮ್ಮ ಬಡಾವಣೆಯ ಹಿಂದೆ ಒಂದು ಸಣ್ಣ ಕೆರೆ ಇದೆ. ಕುಕ್ಕರಹಳ್ಳಿ ಕೆರೆಯಷ್ಟು ಹೆಸರಿಲ್ಲ, ಲಿಂಗಾಂಬುಧಿ ಕೆರೆಯಷ್ಟು ಅಗಲ ಇಲ್ಲ. ಬೆಳಿಗ್ಗೆ ಏರಿ ಮೇಲೆ ವಾಕಿಂಗ್, ಸಂಜೆ ಮಕ್ಕಳ ಸೈಕಲ್ಲು, ಅಷ್ಟೇ. ನಾವು ಏಳೆಂಟು ಜನ ಎರಡು ವರ್ಷದಿಂದ ಭಾನುವಾರ ಸೇರಿ ದಡದ ಪ್ಲಾಸ್ಟಿಕ್ ಆಯುತ್ತಿದ್ದೇವೆ. ಆದರೆ ಕೆರೆ ಸುಧಾರಿಸ್ತಿದೆಯೋ ಕೆಡ್ತಿದೆಯೋ ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪಕ್ಕದ ಮನೆಯ ವಿಜ್ಞಾನದ ಮೇಡಂ ಹೇಳಿದ್ದು ಇಷ್ಟೇ: "ಮೊದಲು ಅಳೆಯಿರಿ ಸಾರ್, ಆಮೇಲೆ ಮಾತಾಡೋಣ."

ಜೂನ್

ಅಳೆಯೋಕೆ ಬೇಕಾದ್ದು ಒಂದು ತಟ್ಟೆ. ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಪೋಪ್ ಅವರ ಹಡಗಿನಿಂದ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಸಿ, ನೀರು ಎಷ್ಟು ತಿಳಿ ಅಂತ ನೋಡಿದ್ದರು. ಕೆರೆಗಳಿಗೆ ಈಗ ಬಳಸೋದು 20 ಸೆಂ.ಮೀ. ಅಗಲದ್ದು. ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಳಿಯಬೇಕು. ನಾನು ಹಳೇ ಸ್ಟೀಲ್ ಡಬ್ಬದ ಮುಚ್ಚಳಕ್ಕೆ ಪೇಂಟ್ ಬಳಿದು, ಕೆಳಗೆ ತೂಕಕ್ಕೆ ದಪ್ಪ ನಟ್ಟು ಬೋಲ್ಟು ಕಟ್ಟಿದೆ. ಹಗ್ಗದಲ್ಲಿ ಎಡವಟ್ಟಾಯಿತು. ಒದ್ದೆಯಾದ ನೈಲಾನ್ ಹಗ್ಗ ಎಳೆದಷ್ಟೂ ಉದ್ದ ಆಗ್ತಿತ್ತು. ಗುರುತು ಹಾಕಿದ್ದೆಲ್ಲ ಸುಳ್ಳು. ಮೂರನೇ ವಾರ ಟೈಲರ್ ಟೇಪನ್ನೇ ಕಟ್ಟಿಬಿಟ್ಟೆ.

ತೂಬಿನ ಕಟ್ಟೆ ಮೇಲೆ ನಿಂತು, ನೆರಳಿರುವ ಕಡೆಯಿಂದ ತಟ್ಟೆ ಇಳಿಸೋದು. ಕಾಣದಂತಾದ ಆಳ ಒಂದು, ಮೇಲೆತ್ತುವಾಗ ಮತ್ತೆ ಕಂಡ ಆಳ ಇನ್ನೊಂದು, ಎರಡರ ಸರಾಸರಿ. ಪ್ರತಿ ಭಾನುವಾರ 10 ಗಂಟೆಗೆ. ಮೊದಲ ನಂಬಲರ್ಹ ಅಳತೆ 31 ಸೆಂ.ಮೀ. ಅಂದರೆ ಒಂದಡಿ. ತೆಪ್ಪದಲ್ಲಿ ಮೀನು ಹಿಡಿಯೋ ಅಣ್ಣ ಅಷ್ಟು ದೂರದಿಂದಲೇ ಕೂಗಿದ: "ಏನ್ ಸಾರ್, ತಟ್ಟೆ ಹಾಕಿದ್ದೀರಾ, ಊಟ ಯಾವಾಗ?"

ಜುಲೈ

ನೀರು ಬರುವ ಮೂಲೆಯಲ್ಲಿ ತೇಲುವ ಕಳೆ ಅಂತರಗಂಗೆ (ವಾಟರ್ ಹಯಸಿಂತ್) ತುಂಬಿಕೊಂಡಿತ್ತು. ಇದು ದಕ್ಷಿಣ ಅಮೆರಿಕದಿಂದ ಬಂದ ಗಿಡ. ಅದಕ್ಕೆ ಒಗ್ಗುವ ಬಿಸಿಲು, ಚರಂಡಿ ನೀರು ಸಿಕ್ಕರೆ ಎರಡು ವಾರದಲ್ಲೇ ಎರಡರಷ್ಟಾಗುತ್ತದೆ. ಹಸಿ ಗಿಡದಲ್ಲಿ 90 ಪಾಲಿಗಿಂತ ಜಾಸ್ತಿ ಬರೀ ನೀರೇ. ಎಳೆದವರಿಗೇ ಗೊತ್ತು ಅದರ ಭಾರ. ಎರಡು ಭಾನುವಾರ ಸೊಂಟ ಬೀಳುವಷ್ಟು ಎಳೆದು ಮೂಲೆ ಖಾಲಿ ಮಾಡಿದೆವು. ಫೋಟೋ ತೆಗೆದುಕೊಂಡೆವು. ಇಡ್ಲಿ ವಡೆ ತಿಂದೆವು.

ಒಂದು ಪಟ್ಟಿ ಮಾತ್ರ ಮುಟ್ಟಲಿಲ್ಲ. ಜೊಂಡಿನ ಪಕ್ಕ ಗುಳುಮುಳುಕ ಹಕ್ಕಿಯ ಗೂಡು ತೇಲುತ್ತಿತ್ತು. ಕೊಳೆತ ಎಲೆ, ನೀರಿನ ಕಳೆ ಗುಡ್ಡೆ ಹಾಕಿ ಜೊಂಡಿಗೆ ಸಿಕ್ಕಿಸಿದ ಗೂಡು. ದೂರದಿಂದ ನೋಡಿದರೆ ಕಸ ಅಂತಲೇ ಅನ್ನಿಸುತ್ತೆ. ಇನ್ನೇನು ಎಳೆದುಬಿಡ್ತಿದ್ದೆವು. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು "ಅಂಕಲ್, ಮೊಟ್ಟೆ!" ಅಂತ ಕಿರುಚಿದ್ದರಿಂದ ಉಳಿಯಿತು.

ಆಗಸ್ಟ್, ಸೆಪ್ಟೆಂಬರ್

ಈಗ ಅಳತೆ ಏರಬೇಕಿತ್ತು, ಅಲ್ವಾ? 24ಕ್ಕೆ ಬಂತು. ಆಮೇಲೆ 19. ಆಮೇಲೆ 17.

ಮಳೆ ಬಂದು ಮಣ್ಣು ಕದಡಿದೆ ಅಂತ ಮೊದಲು ಸಮಾಧಾನ ಮಾಡಿಕೊಂಡೆ. ಮೇಡಂ ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟರು. ಬಾಟಲಿಯಲ್ಲಿ ನೀರು ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಮಣ್ಣಾದರೆ ಬಹುಪಾಲು ತಳಕ್ಕೆ ಕೂರುತ್ತೆ. ನಮ್ಮ ಬಾಟಲಿಯಲ್ಲಿ ಬೆಳಿಗ್ಗೆ ನೋಡಿದರೆ ಹಸಿರು ಹಾಗೇ ಇತ್ತು. ಪಾಚಿ!

ಆಗ ಅರ್ಥವಾಯಿತು. ಕೊಳಚೆ ನೀರಿನ ಸಾರಜನಕ, ರಂಜಕ ಅಂತರಗಂಗೆಯ ಹೊಟ್ಟೆಗೆ ಹೋಗ್ತಿತ್ತು. ಅದರ ಹಾಸಿನ ಕೆಳಗೆ ಬಿಸಿಲೂ ಇಳಿಯುತ್ತಿರಲಿಲ್ಲ. ನಾವು ಗಿಡ ತೆಗೆದೆವು, ಕೊಳಚೆ ನಿಲ್ಲಿಸಲಿಲ್ಲ. ಬಿಸಿಲೂ ಸಿಕ್ಕಿತು, ಗೊಬ್ಬರವೂ ಸಿಕ್ಕಿತು, ಪಾಚಿಗೆ ಹಬ್ಬ. ಹಾಗಂತ ಅಂತರಗಂಗೆ ಬಿಟ್ಟಿರಬೇಕಿತ್ತು ಅಂತಲ್ಲ. ಹಾಸಿನ ಅಡಿ ಗಾಳಿಯಾಡದೆ ನೀರು ನಾರುತ್ತಿತ್ತು.

ಇನ್ನೊಂದು ತಪ್ಪಂತೂ ನಮ್ಮದೇ. ಕಿತ್ತ ಗಿಡವನ್ನು ಏರಿಯ ಒಳಮೈಯಲ್ಲೇ ರಾಶಿ ಹಾಕಿದ್ದೆವು. ಅದು ಕೊಳೆತು, ಮಳೆಗೆ ಅದರ ಸಾರವೆಲ್ಲ ಸೀದಾ ಕೆರೆಗೇ ವಾಪಸ್. ಎರಡು ಭಾನುವಾರದ ಬೆವರು! ಈಗ ಕಿತ್ತಿದ್ದನ್ನು ಏರಿ ದಾಟಿಸಿ ಆಚೆ ಕಡೆ ಗುಂಡಿಯಲ್ಲಿ ಸಗಣಿ ಸೇರಿಸಿ ಕೊಳೆಸುತ್ತಿದ್ದೇವೆ.

ಸೆಪ್ಟೆಂಬರ್ ಕೊನೆಗೆ ಎರಡು ದಿನ ಮೋಡ ಮುಚ್ಚಿಕೊಂಡಿತ್ತು. ಮಾರನೇ ಬೆಳಿಗ್ಗೆ ಆರಕ್ಕೆ ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದ್ದವು. ವಾಕಿಂಗ್‌ಗೆ ಬಂದವರೊಬ್ಬರು ಯಾರೋ ವಿಷ ಹಾಕಿದ್ದಾರೆ ಅಂದರು. ಮೀನಿನ ಅಣ್ಣ ನಕ್ಕ. "ವಿಷ ಎಲ್ಲಿಂದ ಬಂತು ಸಾರ್. ನೀರು ಹಸಿರಾಗಿ ಮೋಡ ಕವಿದ್ರೆ ಹಿಂಗೇ. ಬಿಸಿಲು ಏರ್ಲಿ, ಕೆಳಗಿಳೀತವೆ." ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಮಾಡುತ್ತೆ, ರಾತ್ರಿ ಅದೂ ಉಸಿರಾಡುತ್ತೆ. ಹಗಲಿನ ಸಂಪಾದನೆ ಕಮ್ಮಿಯಾದ ಮಾರನೇ ಬೆಳಗಿನ ಜಾವ ನೀರಲ್ಲಿ ಏನೂ ಉಳಿದಿರೋದಿಲ್ಲ. ಆ ಅಣ್ಣ ಪುಸ್ತಕ ಓದದೇ ಇದನ್ನು ಹೇಳಿದ. ಅವತ್ತಿಂದ ನಮ್ಮ ನೋಟ್‌ಬುಕ್ಕಿನಲ್ಲಿ ಮೋಡ, ಬಿಸಿಲಿಗೂ ಒಂದು ಕಾಲಂ ಇದೆ.

ಅದೇ ದಿನದಿಂದ ಹಕ್ಕಿಗೆ, ಮೀನಿಗೆ ಬ್ರೆಡ್ ಹಾಕೋರನ್ನೂ ತಡೀತಿದ್ದೇವೆ. ತಿನ್ನದೇ ಉಳಿದಿದ್ದು ನೀರಲ್ಲೇ ಕೊಳೆಯುತ್ತೆ. ಪುಣ್ಯಕ್ಕೆ ಅಡ್ಡ ಬರ್ತೀರಾ ಅಂತ ಒಬ್ಬರು ಬೈದೇ ಹೋದರು.

ಅಕ್ಟೋಬರ್

ಕೊಳಚೆ ಎಲ್ಲಿಂದ ಅಂತ ಹುಡುಕಲು ನಾಲ್ಕು ಜನ ರಾಜಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ಎರಡು ಕಿಲೋಮೀಟರು, ಮುಕ್ಕಾಲು ಗಂಟೆ. ಒಂದೇ ಮ್ಯಾನ್‌ಹೋಲ್ ಉಕ್ಕಿ ಮಳೆನೀರಿನ ಕಾಲುವೆಗೆ ಹರೀತಿತ್ತು! ಎರಡು ವರ್ಷ ದಡದಲ್ಲಿ ಬಾಟಲಿ ಆಯ್ದೆವಲ್ಲ, ಈ ಮುಕ್ಕಾಲು ಗಂಟೆ ಮೊದಲೇ ನಡೆಯಬಹುದಿತ್ತು. ಸಂಬಂಧಪಟ್ಟ ಕಚೇರಿಗೆ ಫೋಟೋ ಸಮೇತ ಅರ್ಜಿ ಕೊಟ್ಟೆವು. ಎರಡು ಸಲ "ಆಯ್ತು ನೋಡ್ತೀವಿ". ಮೂರನೇ ಸಲ ನಮ್ಮ ಅಳತೆಯ ನೋಟ್‌ಬುಕ್ ಟೇಬಲ್ ಮೇಲೆ ಇಟ್ಟೆ. ಅದರ ಪ್ರಭಾವವೋ, ಮಳೆ ಬಿಟ್ಟಿದ್ದೋ, ವಾರದಲ್ಲಿ ಮ್ಯಾನ್‌ಹೋಲ್‌ನಲ್ಲಿ ಕಟ್ಟಿಕೊಂಡಿದ್ದನ್ನು ತೆಗೆದರು.

ಈ ನಡುವೆ ನಿವಾಸಿಗಳ ಸಭೆಯಲ್ಲಿ ಸುತ್ತ ಕಲ್ಲು ಕಟ್ಟಿಸೋಣ, ಕಾರಂಜಿ ಕೆರೆ ಥರ ಬೋಟಿಂಗ್ ತರೋಣ ಅಂತ ಮಾತು ಬಂತು. ನನಗೆ ಇಷ್ಟ ಇಲ್ಲ. ದಡದ ಕೆಸರು, ಜೊಂಡು ಹೋದರೆ ನಾಮದ ಕೋಳಿಯಂಥ ನೀರುಹಕ್ಕಿ ಎಲ್ಲಿ ಮೇಯಬೇಕು? ಇಷ್ಟು ಚಿಕ್ಕ ಕೆರೆಯಲ್ಲಿ ಬೋಟು ಓಡಾಡಿದರೆ ತಳದ ಹೂಳೇ ಎದ್ದು ಬರುತ್ತೆ. ಕೂತು ನೋಡೋಕೆ ನಾಲ್ಕು ಬೆಂಚು ಹಾಕಲಿ, ಸಾಕು. ಕುಕ್ಕರಹಳ್ಳಿ ಕೆರೆ ಕಟ್ಟಿಸಿದ್ದು 1864ರಲ್ಲಿ, ಊರಾಚೆಯ ಹೊಲಗಳಿಗೆ ನೀರು ಹರಿಸೋಕೆ. ಇವತ್ತು ಅಲ್ಲಿ ನಡೆಯೋಕೆ, ಹಕ್ಕಿ ನೋಡೋಕೆ ಜನ ಬರ್ತಾರೆ, ಬೋಟಿಗಲ್ಲ. ಸಭೆಯಲ್ಲಿ ಬೆಂಚಿಗೆ ಕೈ ಎತ್ತಿದವರು ಜಾಸ್ತಿ. ಬೋಟಿನವರು ಇನ್ನೂ ಮುನಿಸಿಕೊಂಡಿದ್ದಾರೆ.

ನವೆಂಬರ್ ಎರಡನೇ ಭಾನುವಾರ

26 ಸೆಂ.ಮೀ. ಜೂನ್‌ನ 31 ಇನ್ನೂ ಬಂದಿಲ್ಲ. ತಳದ ಹೂಳಲ್ಲಿ ಕೂತಿರೋ ರಂಜಕ ಇನ್ನೂ ಬಿಡುಗಡೆ ಆಗ್ತಾನೇ ಇರುತ್ತೆ, ಅವಸರ ಪಟ್ಟು ಉಪಯೋಗ ಇಲ್ಲ ಅಂತಾರೆ ಮೇಡಂ. ಕಾಲುವೆ ಬಾಯಿಗೆ ಕಟ್ಟಿದ ಬಲೆಗೆ ವಾರಕ್ಕೆ ಎರಡು ಚೀಲ ಕಸ ಸಿಗ್ತಿದೆ. ಮರಿ ಮಾಡಿದ ಗುಳುಮುಳುಕ ಈಗ ಆ ಮೂಲೆಯಲ್ಲಿ ಇಲ್ಲ, ಗೂಡೂ ಖಾಲಿ. ಹಾಗಾಗಿ ಮುಂದಿನ ವಾರ ಜೊಂಡಿನಲ್ಲಿ ಮೂರನೇ ಒಂದು ಪಾಲು ಮಾತ್ರ ಕೊಯ್ಯುತ್ತೇವೆ, ಅದು ಹೀರಿದ ಗೊಬ್ಬರ ಅದರ ಜೊತೆಗೇ ಏರಿ ಆಚೆ ಹೋಗಲಿ ಅಂತ. ಕುಡುಗೋಲು ಎರಡೇ ಇವೆ. ಮನೇಲಿ ಇದ್ದರೆ ತನ್ನಿ, ಗಂಬೂಟು ಹಾಕಿಕೊಂಡೇ ಬನ್ನಿ. ಬೆಳಿಗ್ಗೆ 7ಕ್ಕೆ, ತೂಬಿನ ಹತ್ತಿರ.