ಇಡೀ ಸ್ಲ್ಯಾಬ್ ಹಸಿರಾಗಿ ಕಂಡಾಗ

"ಸರ್, ಡಿಫ್ಲೆಕ್ಷನ್ ಚೆಕ್ ಪೂರ್ತಿ ಪಾಸ್. ಅನುಪಾತ ಎಲ್ಲೂ 0.38 ದಾಟಿಲ್ಲ" ಅಂತ ಕಿರಿಯ ಸಹೋದ್ಯೋಗಿ ಮಾಡೆಲ್ ತೆರೆದು ತೋರಿಸಿದ. ಸ್ಲ್ಯಾಬ್ ಭಾರಕ್ಕೆ ಎಷ್ಟು ಬಾಗುತ್ತದೆ ಎಂದು ನೋಡುವ ಚೆಕ್ ಅದು; ಬಾಗನ್ನು ಮಿತಿಯಿಂದ ಭಾಗಿಸಿದ ಅನುಪಾತ 1 ದಾಟದಿದ್ದರೆ ಸಾಫ್ಟ್‌ವೇರ್ ಹಸಿರು ತೋರಿಸುತ್ತದೆ, ದಾಟಿದರೆ ಕೆಂಪು. ಆರು ಮೀಟರಿಗೊಂದು ಕಾಲಮ್, ನಡುವೆ ಬೀಮ್ ಇಲ್ಲ, ಸ್ಲ್ಯಾಬ್ ತೆಳು. ಅಂಥದ್ದು ಇಷ್ಟು ಸಲೀಸಾಗಿ ಪಾಸಾಗುವುದು ನನಗೆ ನಂಬಿಕೆ ಬರಲಿಲ್ಲ.

ಲೆಕ್ಕವನ್ನು ಅವನು ಚೆನ್ನಾಗಿಯೇ ಮಾಡಿದ್ದ. ಬಿರುಕು, ಕ್ರೀಪ್ (ಸದಾ ಇರುವ ಭಾರಕ್ಕೆ ಕಾಂಕ್ರೀಟ್ ಕಾಲಕ್ರಮೇಣ ಇನ್ನಷ್ಟು ಬಾಗುವುದು) ಎರಡನ್ನೂ ಸೇರಿಸಿದ್ದ. ಮೂಲೆಯ ಪ್ಯಾನೆಲ್‌ನಲ್ಲಿ (ಕಾಲಮ್‌ಗಳ ನಡುವಿನ ಒಂದು ಚೌಕದಲ್ಲಿ) ಇವೆರಡೂ ಇಲ್ಲದ ಬರಿಯ ಎಲಾಸ್ಟಿಕ್ ಲೆಕ್ಕಕ್ಕೆ 10 ಮಿ.ಮೀ. ಇದ್ದದ್ದು 36 ಆಗಿತ್ತು. ಹಾಗಿದ್ದೂ ಹಸಿರು ಯಾಕೆ? ಮಿತಿಯ ಸೆಟ್ಟಿಂಗ್ ತೆರೆದೆವು. 24 × 18 ಮೀಟರಿನ ಇಡೀ ಅಂತಸ್ತನ್ನು ಒಂದೇ ಸರ್ಫೇಸ್ ಆಗಿ ಎಳೆದಿದ್ದರಿಂದ ಸಾಫ್ಟ್‌ವೇರ್ ಅತಿ ಉದ್ದದ ಅಂಚನ್ನೇ L (ಸ್ಪ್ಯಾನ್, ಅಂದರೆ ಆಧಾರಗಳ ನಡುವಿನ ದೂರ) ಎಂದು ಹಿಡಿದಿತ್ತು. ಬಾಗಿನ ಮಿತಿ L/250 ಅಂದರೆ 96 ಮಿ.ಮೀ.! ಚಿಕ್ಕ ಅಂಚನ್ನು ಆರಿಸಿದರೂ 72. ಕಾಲಮ್‌ಗಳು ಎಲ್ಲಿವೆ ಅನ್ನುವುದು ಈ ಆಯ್ಕೆಗೆ ಗೊತ್ತೇ ಆಗುವುದಿಲ್ಲ. ಕೈಯಾರೆ 6 ಮೀಟರ್ ಕೊಟ್ಟ ಕೂಡಲೇ ಮಿತಿ 24ಕ್ಕೆ ಇಳಿಯಿತು, ಅಲ್ಲಲ್ಲಿ ಕೆಂಪು ಎದ್ದಿತು.

ಆ ಕೆಂಪನ್ನೂ ಹಾಗೇ ಒಪ್ಪುವಂತಿರಲಿಲ್ಲ. ಒಂದು ಕಡೆ ಕಾಲಮ್‌ಗಳು ನೆಲದವರೆಗೆ ಇಳಿಯದೆ, ಕೆಳಗೆ ಅವುಗಳ ಭಾರ ಹೊರುವ ಟ್ರಾನ್ಸ್‌ಫರ್ ಬೀಮ್‌ಗಳ ಮೇಲೆ ನಿಂತಿದ್ದವು. ಪ್ಯಾನೆಲ್ ನಡುವೆ 33 ಮಿ.ಮೀ., ಆದರೆ ಸುತ್ತಲಿನ ಕಾಲಮ್ ತಲೆಗಳೇ ಹೆಚ್ಚುಕಡಿಮೆ ಸಮವಾಗಿ 12 ಇಳಿದಿದ್ದವು. ಸ್ಲ್ಯಾಬ್ ತಾನಾಗಿ ಬಾಗಿದ್ದು 21 ಮಾತ್ರ. ಮೂಲ ಸ್ಥಾನದಿಂದ ಅಳೆಯುವ ಬದಲು, ಇಳಿದ ಕಾಲಮ್ ತಲೆಗಳ ಮೂಲಕ ಹಾಯುವ ಸಮತಲದಿಂದ ಅಳೆಯುವಂತೆ ಬದಲಿಸಿದೆವು.

"ಹಾಗಾದ್ರೆ ಆ 12 ಎಲ್ಲಿಗೆ ಹೋಯ್ತು ಸರ್?" ಅಂದ. ಕೇಳಬೇಕಾದ ಪ್ರಶ್ನೆಯೇ ಅದು. ಅದು ಬೀಮಿನ ಬಾಗು. ಬೀಮಿನ ಸ್ಪ್ಯಾನಿಗೆ ತಕ್ಕ ಮಿತಿಯಲ್ಲಿ ಬೇರೆಯಾಗಿ ನೋಡಲೇಬೇಕು. ಇಲ್ಲದಿದ್ದರೆ ಎರಡು ಲೆಕ್ಕಗಳ ಸಂದಿಯಲ್ಲಿ ಜಾರಿಹೋಗುತ್ತದೆ. ಬೀಮಿನ ಫಲಿತಾಂಶ ತೆರೆಸಿ ನೋಡಿಯೇ ಮುಂದೆ ಹೋದೆ.

ಬಾಲ್ಕನಿಗೆ ಈ ಸಮತಲ ಬೇಡ ಎಂದೆ. ಬುಡ ಎಷ್ಟು ತಿರುಗಿತೋ ಸಮತಲವೂ ಅಷ್ಟೇ ವಾಲಿಕೊಂಡರೆ ತುದಿಯ ಇಳಿತ ಮುಚ್ಚಿಹೋಗುತ್ತದೆ. ರೇಲಿಂಗ್ ಹಿಡಿದು ನಿಂತವರಿಗೆ ಕಾಣುವುದು ಆ ಇಳಿತವೇ. ಅಲ್ಲಿ ಮೂಲ ಸ್ಥಾನದಿಂದಲೇ ಅಳತೆ. ಒಂದೇ ಬದಿಗೆ ಆಧಾರವಿರುವ 1.8 ಮೀಟರ್ ಚಾಚಿನ ಕ್ಯಾಂಟಿಲಿವರ್‌ಗೆ L ಅಂದರೆ ಅದರ ಎರಡರಷ್ಟು, ಮಿತಿ 14.4 ಮಿ.ಮೀ.

ಮೂಲೆಯ ಪ್ಯಾನೆಲ್ ಮಾತ್ರ ಯಾವ ಸೆಟ್ಟಿಂಗಿಗೂ ಬಗ್ಗಲಿಲ್ಲ. ಅಲ್ಲಿ ಕಾಲಮ್‌ಗಳು ಇಳಿದೇ ಇರಲಿಲ್ಲ, 36 ಪೂರ್ತಿ ಸ್ಲ್ಯಾಬಿನದೇ. ಅಂಚಿಗೆ ಬೀಮ್ ಕೊಟ್ಟ ಮೇಲೆ 22ಕ್ಕೆ ಬಂತು. ಅದರ ಮೇಲೆ ಇಟ್ಟಿಗೆ ಗೋಡೆ ಬರುವುದಿತ್ತು. ಗೋಡೆ ಕಟ್ಟಿದ ನಂತರದ ಬಾಗಿಗೆ ಐಎಸ್ 456 (ಭಾರತದ ಕಾಂಕ್ರೀಟ್ ಸಂಹಿತೆ) ಹೇಳುವುದು L/350 ಅಥವಾ 20 ಮಿ.ಮೀ., ಯಾವುದು ಕಡಿಮೆಯೋ ಅದು. ಇಲ್ಲಿ 17 ಆಗುತ್ತದೆ. ಅದಕ್ಕೆಂದೇ ಇನ್ನೊಂದು ಚೆಕ್ ಸೇರಿಸಿ, ಗೋಡೆ ಏಳುವ ಮೊದಲೇ ಆಗಿಹೋಗುವ ಬಾಗನ್ನು ಕಳೆಯಲು ಅವನು ಕೂತ.